ನಿಧಾನಕ್ಕ ತಮ್ಮನ ಚೀಲವನ್ನು ಮತ್ತೆ ಬಿಚ್ಚಿದ್ದು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಿಧಾನಕ್ಕ ಎಂದು. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರವರೆಗೆ, ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನಡಿಗೆಯಲ್ಲಾಗಲಿ ಮಾತಿನಲ್ಲಾಗಲಿ ಅವಳೇನೂ ನಿಧಾನದವಳಲ್ಲ. ಆರೂವರೆಯ ಬಸ್ಸನ್ನು ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ತಪ್ಪಿಸಿಕೊಂಡಿದ್ದಳು, ಅದರಲ್ಲಿ ಒಂದು ಸಲ ಬಸ್ಸೇ ಬಂದಿರಲಿಲ್ಲ. ನಿಧಾನವಿದ್ದದ್ದು ಅವಳ ಪರೀಕ್ಷೆ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಕೆಲಸಕ್ಕೆ ಅವಳು ನಾಲ್ಕು ಗಂಟೆ ಕೂರುತ್ತಿದ್ದಳು. "ಮದುವೆಗೆ ಒಪ್ಪೋಕೆ ನಾಲ್ಕು ತಿಂಗಳು ತಗೊಂಡೋಳು ನೀನು, ಆ ಯಂತ್ರ ಎಷ್ಟೋ ವಾಸಿ" ಎಂದು ಗಂಡ ರೇಗಿಸುತ್ತಿದ್ದ.

ಆ ಕಾರ್ಖಾನೆ ಮಾಡುತ್ತಿದ್ದದ್ದು ಪ್ಲಾಸ್ಟಿಕ್ಕಿನ ಬಿಳಿ ಕಾಳು. ಅದನ್ನು ಕೊಂಡವರು ಕರಗಿಸಿ, ಊದಿ, ತೆಳ್ಳನೆಯ ಹಾಳೆಯನ್ನೋ ಕೊಳವೆಯನ್ನೋ ಮಾಡಿಕೊಳ್ಳುತ್ತಾರೆ. ಒಂದೊಂದು ಕಾಳಿನೊಳಗೂ ಇರುವುದು ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳು. ಎಳೆ ನೇರವಿದ್ದರೆ ಅದರ ಗುಣ ಒಂದು, ಅಲ್ಲಲ್ಲಿ ಕವಲೊಡೆದಿದ್ದರೆ ಬೇರೆಯೇ ಒಂದು. ಕವಲು ಬೇಕೆಂದೇ ಕೇಳುವ ಗಿರಾಕಿಗಳೂ ಉಂಟು, ಅದು ಬಂದರೆ ಮೂಟೆ ವಾಪಸು ಕಳಿಸುವವರೂ ಉಂಟು. ತೊಂದರೆಯೇನೆಂದರೆ, ಸಾವಿರಾರು ಕೊಂಡಿಗಳ ಎಳೆಯೊಂದರಲ್ಲಿ ಒಂದೇ ಒಂದು ಕವಲಿದ್ದರೆ ಅದನ್ನು ತೋರಿಸುವ ಭೂತಗನ್ನಡಿ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಕರಗಿಸಿ, ಹರಿಯುವ ಬಗೆ ನೋಡಿ, ಒಳಗಿನ ಆಕಾರವನ್ನು ಊಹಿಸಬೇಕು.

"ಸೌದೆ ಹೊರೆ ನೋಡಿದೀರಲ್ಲ?" ಎಂದು ನಿಧಾನಕ್ಕ ಹೊಸಬರಿಗೆ ಹೇಳುತ್ತಿದ್ದಳು. "ನೇರ ಕಡ್ಡಿಯಾದ್ರೆ ಒಂದನ್ನ ಎಳೆದ್ರೆ ಸರಕ್ಕಂತ ಬಂದ್ಬಿಡುತ್ತೆ. ಕವಲಿರೋದು ಬರಲ್ಲ, ಪಕ್ಕದ್ದನ್ನೂ ಹಿಡ್ಕೊಂಡು ಕೂತಿರುತ್ತೆ. ಅಷ್ಟೇ ಈ ವಿದ್ಯೆ. ಮಿಕ್ಕಿದ್ದೆಲ್ಲ ಕಾಯೋದು."

ಅವಳ ಯಂತ್ರದಲ್ಲಿ ಎರಡು ಉಕ್ಕಿನ ಬಿಲ್ಲೆಗಳು. ನಡುವೆ ಒಂದು ಮಿಲಿಮೀಟರಿನಷ್ಟು ಕರಗಿದ ಪ್ಲಾಸ್ಟಿಕ್ಕು, ಸುತ್ತ ನೂರ ತೊಂಬತ್ತು ಡಿಗ್ರಿಯ ಪುಟ್ಟ ಒಲೆ. ಕೆಳಗಿನ ಬಿಲ್ಲೆ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗುತ್ತದೆ. ಮೇಲಿನದು ಎಷ್ಟು ಬಿಗಿ ಹತ್ತಿತು ಎಂದು ಹೇಳುತ್ತದೆ. ಬೇಗಬೇಗ ತಿರುಗಿಸಿದರೆ ನೇರದ್ದೂ ಕವಲಿನದೂ ಒಂದೇ ಥರ ನಟಿಸುತ್ತವೆ. ವೇಗ ಇಳಿಸುತ್ತ ಇಳಿಸುತ್ತ, ಒಂದು ಸಲ ಹೋಗಿ ಬರಲು ಅರ್ಧ ಗಂಟೆ ಹಿಡಿಯುವಷ್ಟು ನಿಧಾನ ಮಾಡಿದಾಗ ಕವಲಿನದು ಸಿಕ್ಕಿಬೀಳುತ್ತದೆ. ಪರದೆಯ ಮೇಲಿನ ಗೆರೆ ಎಡಗಡೆಯಲ್ಲಿ ಮೇಲಕ್ಕೇರಿ ನಿಲ್ಲುತ್ತದೆ.

ಬಾಟಲಿ ತೊಳೆಯಲು ಸೇರಿದ ಅವಳಿಗೆ ಈ ಕೆಲಸ ಕಲಿಸಿದವರು ಒಬ್ಬ ಹಳೆಯ ಕೆಮಿಸ್ಟು. ಸಿಡುಕು ಮೂತಿಯ ಮನುಷ್ಯ, ಆದರೆ ಗೊತ್ತಿದ್ದದ್ದನ್ನು ಮುಚ್ಚಿಟ್ಟುಕೊಂಡವರಲ್ಲ. ಅವರು ಒಂದು ಮಾತನ್ನು ಅವಳ ತಲೆಗೆ ಬಡಿದು ಕೂರಿಸಿದ್ದರು. ನಾಲ್ಕು ಗಂಟೆ ಕಾವಿನಲ್ಲಿ ಕೂತ ಪ್ಲಾಸ್ಟಿಕ್ಕು ತಾನೇ ಕೆಡಬಹುದು. ಗಾಳಿ ತಗುಲಿದರೆ ನೇರವಿದ್ದ ಎಳೆಗಳೇ ಒಂದಕ್ಕೊಂದು ಅಂಟಿಕೊಂಡು, ಪರೀಕ್ಷೆ ನಡೆಯುತ್ತಿರುವಾಗಲೇ ಕವಲೊಡೆಯುತ್ತವೆ. ಗಾಳಿ ತಗುಲಬಾರದೆಂದೇ ಒಲೆಯೊಳಗೆ ನೈಟ್ರೋಜನ್ ಗ್ಯಾಸು ಬಿಡುವುದು. ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕೊನೆಯಲ್ಲಿ ಮತ್ತೆ ಮೊದಲಿನ ವೇಗಕ್ಕೆ ಹೋಗಿ, ಮೊದಲು ಬಂದ ಅಂಕಿಯೇ ಬರುತ್ತದೆಯೇ ಎಂದು ನೋಡಬೇಕು. ಬಂದರೆ ಪರೀಕ್ಷೆ ಸರಿ, ಬಾರದಿದ್ದರೆ ನಾಲ್ಕು ಗಂಟೆಯೂ ಕಸದ ಬುಟ್ಟಿಗೆ. ಇದಕ್ಕೆ ಅವರು 'ತಿರುಗಿ ನೋಡೋದು' ಎನ್ನುತ್ತಿದ್ದರು. ಅದಕ್ಕೆ ಹಿಡಿಯುತ್ತಿದ್ದದ್ದು ಇಪ್ಪತ್ತು ನಿಮಿಷ.

ಮೂವತ್ತೊಂದು ವರ್ಷದಲ್ಲಿ ನಿಧಾನಕ್ಕ ತಿರುಗಿ ನೋಡದೆ ಬಿಟ್ಟದ್ದು ಒಂದೇ ಒಂದು ಸಲ. ಆ ಸಲ ಬಿಲ್ಲೆಗಳ ನಡುವೆ ಇದ್ದದ್ದು ಅವಳ ತಮ್ಮ ಮಾಡಿದ ಕಾಳು.

ತಮ್ಮ ಅವಳಿಗಿಂತ ಎಂಟು ವರ್ಷ ಚಿಕ್ಕವನು. ಅವನಿಗೆ ನಾಲ್ಕು ತುಂಬುವ ಮೊದಲೇ ತಾಯಿ ತೀರಿಕೊಂಡಳು. ಆಮೇಲೆ ಅವನನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಸುಳ್ಳು ಹೇಳಿದಾಗ ಬೆನ್ನಿಗೆ ಗುದ್ದಿ ಆಮೇಲೆ ತಾನೇ ಅತ್ತವಳು ಇವಳೇ. ಕಾರ್ಖಾನೆಗೆ ಸೇರಿಸಿದವಳೂ ಇವಳೇ. ಅವನು ಕೆಳಗಿನ ಮೆಟ್ಟಿಲಿನಿಂದ ಹತ್ತಿ, ಪ್ಲಾಸ್ಟಿಕ್ಕು ಕರಗಿಸಿ ಕಾಳು ಮಾಡುವ ದೊಡ್ಡ ಯಂತ್ರದ ಕಂಟ್ರೋಲ್ ರೂಮಿನಲ್ಲಿ ಕೂರುವವನಾದ. ಆ ರೂಮಿನ ಕುರ್ಚಿ ಎಂದರೆ ಅವನಿಗೆ ಪ್ರಾಣ. ಯಂತ್ರದ ಸದ್ದು ಕೇಳಿಯೇ ಕಾವು ಎಷ್ಟಿದೆ ಎಂದು ಹೇಳುತ್ತಿದ್ದ. ಹೇಳಿ, ಮೀಟರಿನ ಮುಳ್ಳು ನೋಡಿ, ಸರಿಯಿದ್ದರೆ ಮಕ್ಕಳ ಹಾಗೆ ಕುಣಿಯುತ್ತಿದ್ದ.

ಮೂರು ವರ್ಷದ ಹಿಂದೆ ಹಾಳೆ ಊದುವ ಒಬ್ಬ ಗಿರಾಕಿ, ತಾನು ತೆಗೆದುಕೊಂಡ ಕಾಳಿನಿಂದ ಹಾಳೆ ಹರಿದು ಹೋಗುತ್ತಿದೆ ಎಂದು ಕೂಗಾಡಿಕೊಂಡು ಬಂದ. ಅದು ತಮ್ಮನ ಮಧ್ಯಾಹ್ನದ ಪಾಳಿಯ ಕಾಳು. ಕರಗಿಸುವಾಗ ಕಾವು ಮಿತಿಮೀರಿದರೆ ಎಳೆಗಳು ಕವಲೊಡೆಯುತ್ತವೆ. ಗ್ರಹಚಾರಕ್ಕೆ ಆ ಪಾಳಿಯಲ್ಲಿ ಕಾವನ್ನು ಬರೆದಿಡುವ ಯಂತ್ರ ನಲವತ್ತು ನಿಮಿಷ ಕೆಟ್ಟು ನಿಂತಿತ್ತು. ಆ ನಲವತ್ತು ನಿಮಿಷದಲ್ಲಿ ಏನಾಯಿತೆಂಬುದಕ್ಕೆ ಸಾಕ್ಷಿಯಿಲ್ಲ. "ನಾನು ಕಣ್ಣು ಮಿಟುಕಿಸದೆ ಕೂತಿದ್ದೆ" ಎಂದು ತಮ್ಮ ಆಣೆ ಮಾಡಿದ. ಮ್ಯಾನೇಜರು, "ನಿಧಾನಕ್ಕ ನೋಡಿ ಹೇಳಲಿ" ಎಂದುಬಿಟ್ಟರು.

ಅವಳು ನೋಡಿದಳು. ನಾಲ್ಕು ಗಂಟೆಯ ಕೊನೆಗೆ ಗೆರೆ ಎಡಗಡೆಯಲ್ಲಿ ಏರಿ ನಿಂತಿತು. ಕವಲು ಇತ್ತು. ಇಪ್ಪತ್ತು ನಿಮಿಷ ತಿರುಗಿ ನೋಡಬೇಕಿತ್ತು. ಅದಕ್ಕೆ ಗುಂಡಿ ಒತ್ತುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಯಾರೋ, "ತಮ್ಮಂದು ಅಂತ ಇನ್ನೊಂದು ಸಲ ನೋಡ್ತಿದಾರೆ" ಎಂದು ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು. ಅವಳ ಮುಖ ಕೆಂಪಾಯಿತು. ಯಂತ್ರ ಆರಿಸಿ, ಕಾಗದ ಬರೆದು, ಸಹಿ ಹಾಕಿ ಕೊಟ್ಟಳು. ಬೇರೆ ಯಾರ ಕಾಳಾಗಿದ್ದರೂ ಅವಳು ತಿರುಗಿ ನೋಡಿಯೇ ನೋಡುತ್ತಿದ್ದಳು. ತಾನು ತಮ್ಮನಿಗೂ ರಿಯಾಯಿತಿ ಕೊಡುವವಳಲ್ಲ ಎಂಬ ಆ ಹೆಮ್ಮೆ ಇತ್ತಲ್ಲ, ಅದರ ಮನೆ ಹಾಳಾಗ.

ಎರಡು ದಿನ ಬಿಟ್ಟು ತಮ್ಮ ತಪ್ಪೊಪ್ಪಿಗೆ ಬರೆದುಕೊಟ್ಟನೆಂದು ಸುದ್ದಿ ಬಂತು. ಹೆದರಿಸಿ ಬರೆಸಿಕೊಂಡಿರಬೇಕೆಂದು ಅವಳು ಎಣಿಸಿದಳು. ಅವನನ್ನು ಕಂಟ್ರೋಲ್ ರೂಮಿನಿಂದ ಎತ್ತಂಗಡಿ ಮಾಡಿ ಮೂಟೆ ಜೋಡಿಸುವ ಗೋದಾಮಿಗೆ ಹಾಕಿದರು. ಅಂದಿನಿಂದ ಅವನು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಎದುರಾದರೆ ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಇವಳೂ ಹೋಗಿ ಮಾತಾಡಿಸಲಿಲ್ಲ. ಕೋಪ ತಣ್ಣಗಾಗಲಿ ಎಂದು ಕಾದಳು, ಕಾಯುವುದು ಅವಳಿಗೆ ಹೊಸದಲ್ಲ. ಮೂರು ವರ್ಷವಾದರೂ ತಣ್ಣಗಾಗಲಿಲ್ಲ. ನಿಧಾನದ ಪರೀಕ್ಷೆಯನ್ನು ಅವಳು ಮತ್ತೆ ಮಾಡಲಿಲ್ಲ. ಅಂಥದ್ದು ಬಂದರೆ "ಹೊರಗಿನ ಲ್ಯಾಬಿಗೆ ಕಳಿಸಿ, ನನ್ ಕೈಲಾಗಲ್ಲ" ಎನ್ನುತ್ತಿದ್ದಳು. ದಿನದ ಹತ್ತು ನಿಮಿಷದ ಪರೀಕ್ಷೆಗಳನ್ನಷ್ಟೇ ಮಾಡಿ, ಊದಿಕೊಂಡ ಪಾದಗಳನ್ನು ಚಪ್ಪಲಿಗೆ ತುರುಕಿಕೊಂಡು ಮನೆಗೆ ಬರುವಳು.

ಅವಳ ನಿವೃತ್ತಿಗೆ ಹನ್ನೊಂದು ವಾರ ಉಳಿದಿತ್ತು. ಯಂತ್ರದ ಮೋಟಾರು ಕರ್ರೆನ್ನತೊಡಗಿದ್ದರಿಂದ ರಿಪೇರಿಯವನನ್ನು ಕರೆಸಿದರು. ವರ್ಷಕ್ಕೊಮ್ಮೆ ಬರಬೇಕಾದವನು, ಖರ್ಚು ಉಳಿಸುವ ಉತ್ಸಾಹದಲ್ಲಿ ಅವನನ್ನು ಕರೆಸದೆ ಐದು ವರ್ಷವಾಗಿತ್ತು. ಅವನು ಮೋಟಾರು ಸರಿ ಮಾಡಿ, ಬಂದದ್ದಕ್ಕೆ ಇರಲಿ ಎಂದು ಒಲೆಯ ಹಿಂದಿನ ತಗಡನ್ನೂ ಬಿಚ್ಚಿದ. ಬಿಚ್ಚಿದವನು ಅವಳನ್ನು ಕರೆದ.

"ಅಕ್ಕಾ, ಇಲ್ಲಿ ಬನ್ನಿ. ಈ ಗ್ಯಾಸಿನ ಪೈಪು ನೋಡಿದ್ರಾ?"

ಅವಳು ಮಂಡಿ ಹಿಡಿದುಕೊಂಡು ಬಗ್ಗಿ ನೋಡಿದಳು. ಗ್ಯಾಸನ್ನು ಒಲೆಯೊಳಕ್ಕೆ ತರುವ ಬೆರಳುದ್ದದ ಪೈಪು ಕಾವಿಗೆ ಒಣಗಿ, ಕಂದು ತಿರುಗಿ, ಬುಡದಲ್ಲಿ ಬಿರುಕು ಬಿಟ್ಟಿತ್ತು. ಅದೂ ಪ್ಲಾಸ್ಟಿಕ್ಕಿನದೇ.

"ಮೀಟರಲ್ಲಿ ಗ್ಯಾಸು ಹೋಗ್ತಿದೆ ಅಂತಲೇ ತೋರಿಸುತ್ತಲ್ಲ?" ಎಂದಳು.

"ಹೋಗುತ್ತೆ. ಒಲೆ ಒಳಕ್ಕಲ್ಲ, ಹೊರಕ್ಕೆ. ಒಳಗೆ ಬರೀ ಗಾಳಿ. ಹತ್ತು ನಿಮಿಷದ ಪರೀಕ್ಷೆಗೆ ಇದ್ರಿಂದ ಏನೂ ಆಗಲ್ಲ ಬಿಡಿ. ಉದ್ದದ್ದು ಮಾಡಿದ್ರೆ ಕಷ್ಟ."

"ಎಷ್ಟು ದಿನ ಆಗಿರಬಹುದು ಒಡೆದು?"

"ನಿನ್ನೆ ಮೊನ್ನೆದಲ್ಲ. ಬಿರುಕಿನ ಅಂಚೆಲ್ಲ ಧೂಳು ಕೂತು ಗಟ್ಟಿಯಾಗಿದೆ. ವರ್ಷಗಳೇ ಆಗಿರಬೇಕು."

ಅವನು ಹೊಸ ಪೈಪು ಹಾಕಿ, ಹಳೆಯದನ್ನು ಎಸೆಯಲು ಹೊರಟಾಗ ಅವಳು ಕೈ ಚಾಚಿ ಇಸಿದುಕೊಂಡು ಮೇಲಂಗಿಯ ಜೇಬಿಗೆ ಹಾಕಿಕೊಂಡಳು. ಅಂದು ಮನೆಗೆ ಹೋದವಳು ಊಟಕ್ಕೆ ಕೂತು ತಟ್ಟೆಯನ್ನು ನೋಡುತ್ತಲೇ ಇದ್ದಳು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅಡಿಗೆ ಮನೆ ವಹಿಸಿಕೊಂಡಿದ್ದ ಗಂಡ, "ಉಪ್ಪು ಜಾಸ್ತಿ ಆಯ್ತೇನೇ?" ಎಂದು ಕೇಳಿದ. ಅವಳು ಪೈಪನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು.

ಅವನು ಪೈಪನ್ನು ಎತ್ತಿ, ಬಿರುಕಿಗೆ ಉಗುರು ತಾಗಿಸಿ ನೋಡಿದ. "ಆವಾಗ್ಲೂ ಒಡೆದಿತ್ತು ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ. ನೋಡ್ಬೇಕು."

"ಹನ್ನೊಂದು ವಾರ ಇದೆ ಕಣೇ. ಕಣ್ಣು ಮುಚ್ಕೊಂಡಿದ್ರೂ ಕಳೆದು ಹೋಗುತ್ತೆ." ಹೆಂಡತಿಯ ಮುಖ ನೋಡಿ ಅವನು ಮಾತು ಬದಲಿಸಿದ. "ನಾಳೆ ಬುತ್ತಿಗೆ ಜಾಸ್ತಿ ಹಾಕ್ತೀನಿ. ನಾಲ್ಕು ಗಂಟೆ ಕೂರ್ಬೇಕಲ್ಲ."

ಪ್ರತಿ ಪಾಳಿಯ ಕಾಳಿನಿಂದ ಒಂದು ಹಿಡಿಯನ್ನು ಪುಟ್ಟ ಚೀಲಕ್ಕೆ ಹಾಕಿ, ತಾರೀಖು ಬರೆದು, ಐದು ವರ್ಷ ಜೋಪಾನ ಮಾಡುವುದು ಆ ಕಾರ್ಖಾನೆಯ ಪದ್ಧತಿ. ಅವು ಇದ್ದದ್ದು ಲ್ಯಾಬಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಕಬ್ಬಿಣದ ಕಪಾಟುಗಳಲ್ಲಿ. ನಿಧಾನಕ್ಕ ಸ್ಟೂಲು ಹತ್ತಿ, ಇಳಿದು, ಮತ್ತೊಂದು ಕಪಾಟಿಗೆ ಸ್ಟೂಲು ಎಳೆದು, ಮುಕ್ಕಾಲು ಗಂಟೆ ಹುಡುಕಿದಳು. ಕೊನೆಗೆ ಸಿಕ್ಕಿತು. ಚೀಟಿಯ ಮೇಲೆ ತಮ್ಮನದೇ ಅಕ್ಷರ, ಅವಳೇ ಕೈ ಹಿಡಿದು ತಿದ್ದಿಸಿದ್ದ ಬಲಕ್ಕೆ ವಾಲಿದ ಅಕ್ಷರ. ಚೀಲ ಬಿಚ್ಚಿ, ಬೇಕಾದಷ್ಟು ಕಾಳನ್ನು ಅಂಗೈಗೆ ಸುರಿದುಕೊಂಡಳು.

ಕಾಳನ್ನು ಬಿಲ್ಲೆಗಳ ನಡುವೆ ಇಟ್ಟು ಒಲೆ ಮುಚ್ಚಿದಳು. ಹೊಸ ಪೈಪಿನಲ್ಲಿ ಗ್ಯಾಸು ಸುಯ್ಯೆಂದಿತು. ಬೇಗದ ಅಳತೆಗಳು ಬಂದವು, ಮೂರು ವರ್ಷದ ಹಿಂದಿನವೇ. ಅಲ್ಲಿ ವ್ಯತ್ಯಾಸ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಬಿಲ್ಲೆ ನಿಧಾನವಾಯಿತು. ಒಂದು ಚುಕ್ಕೆ ಬೀಳಲು ಐದು ನಿಮಿಷ, ಇನ್ನೊಂದಕ್ಕೆ ಹನ್ನೆರಡು. ಅವಳು ಕುರ್ಚಿಯಿಂದ ಏಳಲಿಲ್ಲ. ತಾನು ಸರಿಯಿದ್ದೆ ಎಂದು ಬಂದರೆ ತನ್ನ ಮೂವತ್ತೊಂದು ವರ್ಷ ಉಳಿಯುತ್ತದೆ, ತಮ್ಮ ಗೋದಾಮಿನಲ್ಲೇ ಉಳಿಯುತ್ತಾನೆ. ತಪ್ಪಿದ್ದೆ ಎಂದು ಬಂದರೆ ತನ್ನ ಕೈಯಾರೆ ಅವನ ಬದುಕು ಕೆಡಿಸಿದ ಹಾಗೆ. ಯಾವುದು ಬರಲಿ ಎಂದು ಹಾರೈಸಬೇಕೋ ಅವಳಿಗೆ ತಿಳಿಯಲಿಲ್ಲ. ಬುತ್ತಿ ಬಿಚ್ಚಲಿಲ್ಲ.

ಕೊನೆಯ ಚುಕ್ಕೆ ಬಿತ್ತು. ಗೆರೆ ಏರಲಿಲ್ಲ. ಎಡಗಡೆಯಲ್ಲಿ ತಣ್ಣಗೆ, ಮಟ್ಟಸವಾಗಿ ಮಲಗಿತ್ತು. ಅವಳು ತಿರುಗಿ ನೋಡಿದಳು. ಇಪ್ಪತ್ತು ನಿಮಿಷದ ಮೇಲೆ ಮೊದಲಿನ ಅಂಕಿಗಳೇ ಬಂದವು. ಕವಲು ಇರಲೇ ಇಲ್ಲ.

ಬೇರೆ ಯಾರಾದರೂ ಅಷ್ಟಕ್ಕೇ ಎದ್ದುಬಿಡುತ್ತಿದ್ದರು. ಮರುದಿನ ಅವಳು ಹೊಸ ಪೈಪು ಕಳಚಿ, ಒಡೆದ ಹಳೆಯ ಪೈಪನ್ನೇ ಸಿಕ್ಕಿಸಿ, ಅದೇ ಚೀಲದ ಕಾಳನ್ನು ಹಾಕಿ ಇನ್ನೊಂದು ನಾಲ್ಕು ಗಂಟೆ ಕೂತಳು. ಈ ಸಲ ಗೆರೆ ಎಡಗಡೆಯಲ್ಲಿ ಏರಿತು. ಮೂರು ವರ್ಷದ ಹಿಂದಿನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡಳು. ಹೆಚ್ಚುಕಡಿಮೆ ಅದೇ ಏರು. ತಿರುಗಿ ನೋಡಿದರೆ ಮೊದಲಿನ ಅಂಕಿಗಳು ಬರಲಿಲ್ಲ. ಹತ್ತಿರಕ್ಕೂ ಬರಲಿಲ್ಲ. ಆವತ್ತು ಇಪ್ಪತ್ತು ನಿಮಿಷ ಕೂತಿದ್ದರೆ ಇದು ಅವತ್ತೇ ಗೊತ್ತಾಗುತ್ತಿತ್ತು. ತಮ್ಮ ಮಾಡದ ತಪ್ಪನ್ನು ಅವಳ ಯಂತ್ರ, ಅವಳ ಕಣ್ಣೆದುರೇ, ನಾಲ್ಕು ಗಂಟೆ ಕೂತು ಮಾಡಿತ್ತು. ಅವಳು ಕನ್ನಡಕ ತೆಗೆದು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಅಳುವಷ್ಟು ತ್ರಾಣವೂ ಇರಲಿಲ್ಲ.

ಮೂರೂ ಕಾಗದ ಹಿಡಿದುಕೊಂಡು ಅವಳು ಮ್ಯಾನೇಜರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಮೇಲಿನವರ ಬೈಗುಳ ಕೇಳಿ ಕೇಳಿ, ಎದುರಿಗಿರುವವರು ಬೇಗ ಎದ್ದು ಹೋದರೆ ಸಾಕು ಎನ್ನುವ ಹಾಗಾಗಿದ್ದರು. ಕಾಗದಗಳನ್ನು ಪೂರ್ತಿ ನೋಡಿ, ಹಣೆ ಉಜ್ಜಿಕೊಂಡರು.

"ಹಳೇದನ್ನ ಯಾಕೆ ಕೆದಕ್ತೀರಿ ನಿಧಾನಕ್ಕ? ಆ ಗಿರಾಕಿದೇನು ಅಂತ ಆಮೇಲೆ ಗೊತ್ತಾಯ್ತಲ್ಲ. ಬೇರೆಯವರ ಪಾಳಿಯ ಕಾಳಿಗೂ ಅವರ ಹಾಳೆ ಹರೀತಿತ್ತು. ಅವರ ಯಂತ್ರದ್ದೇ ತೊಂದರೆ ಅಂತ ಅವರೇ ಒಪ್ಕೊಂಡ್ರು."

"ನಿಮಗೆ ಇದು ಗೊತ್ತಿತ್ತಾ?" ಅವಳ ಧ್ವನಿ ಏರಿತು. "ಗೊತ್ತಿದ್ದೂ ಅವನನ್ನ ಮೂಟೆ ಜೋಡಿಸೋಕೆ ಬಿಟ್ರಾ?"

"ನಿಮ್ಮ ಕಾಗದ ಇತ್ತಲ್ಲಮ್ಮ. ಕವಲಿದೆ ಅಂತ ನೀವೇ ಬರೆದಿದ್ರಿ. ನೀವು ಬರೆದ ಮೇಲೆ ನಾನೇನು ಹೇಳ್ಲಿ? ಅದೂ ಅಲ್ದೆ ಅವರೇ ಒಪ್ಪಿ ಬರೆದುಕೊಟ್ಟಿದಾರೆ." ಕಪಾಟಿನಿಂದ ಫೈಲೊಂದನ್ನು ತೆಗೆದು ಅವಳ ಮುಂದೆ ತಳ್ಳಿದರು.

ಆ ತಪ್ಪೊಪ್ಪಿಗೆಯನ್ನು ಅವಳು ಓದಿದ್ದು ಅದೇ ಮೊದಲು. ಹೆದರಿಸಿ ಬರೆಸಿಕೊಂಡದ್ದು ಎರಡು ಸಾಲಿನದಾಗಿರುತ್ತದೆ. ಇದು ಒಂದೂವರೆ ಪುಟವಿತ್ತು. ಊಟವಾದ ಮೇಲೆ ತಲೆಯನ್ನು ಗೋಡೆಗೆ ಒರಗಿಸಿದೆ, ನಿದ್ದೆ ಹತ್ತಿತು, ಎಚ್ಚರವಾದಾಗ ಮುಳ್ಳು ಇನ್ನೂರ ಅರವತ್ತು ದಾಟಿತ್ತು, ಗಾಬರಿಯಾಗಿ ಬಲಗೈಯಲ್ಲಿ ತಿರುಪನ್ನು ಇಳಿಸಿದೆ, ಅಂಗೈ ಬೆವರಿ ತಿರುಪು ಜಾರಿತು, ಎರಡನೆಯ ಸಲಕ್ಕೆ ಹಿಡಿತ ಸಿಕ್ಕಿತು ಎಂದೆಲ್ಲ ಬರೆದಿದ್ದ. ಆಗದೇ ಇದ್ದದ್ದನ್ನು ಇಷ್ಟು ಸವಿಸ್ತಾರವಾಗಿ ಯಾಕೆ ಬರೆದ ಎಂದು ಅವಳಿಗೆ ಅರ್ಥವಾಗಲಿಲ್ಲ.

"ತಪ್ಪು ನಂದು ಅಂತ ನಾನು ಬರೆದುಕೊಡ್ತೀನಿ" ಎಂದಳು. "ಅವನನ್ನ ವಾಪಸು ಕಂಟ್ರೋಲ್ ರೂಮಿಗೆ ಹಾಕಿ."

"ನಿಮ್ಮ ಮೇಲೆ ಬರುತ್ತೆ. ಬೀಳ್ಕೊಡುಗೆ ಅದು ಇದು ಅಂತ ಅಂದ್ಕೊಂಡಿದ್ವಿ."

"ಹಾರ ಬೇಡ, ಬಿಡಿ."

ಅವರು ಫೈಲನ್ನು ಮುಚ್ಚಿ, "ಬರೆದುಕೊಡಿ" ಎಂದರು. "ಸೋಮವಾರದಿಂದ ಬರಲಿ ಅವರು. ಅಲ್ಲಿ ಹೇಗೂ ಒಬ್ಬರು ಕಮ್ಮಿ ಇದಾರೆ."

ಭಾನುವಾರ ಮಧ್ಯಾಹ್ನ ಅವಳು ತಮ್ಮನ ಮನೆಗೆ ಹೋದಳು. ಮೂರನೆಯ ಮಹಡಿ. ಪ್ರತಿ ತಿರುವಿನಲ್ಲೂ ನಿಂತು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೊಂದಿಸಿಕೊಂಡಳು. ಅವನು ಬೈಯುತ್ತಾನೆ, ಬೈಯಲಿ. ಬಾಗಿಲು ಹಾಕಿಕೊಂಡರೆ ಮೆಟ್ಟಿಲ ಮೇಲೆ ಕೂತುಬಿಡುವುದೆಂದು ತೀರ್ಮಾನಿಸಿದ್ದಳು.

ಬಾಗಿಲು ತೆಗೆದವಳು ತಮ್ಮನ ಹೆಂಡತಿ. "ಅತ್ತಿಗೆ! ಬನ್ನಿ, ಒಳಗೆ ಬನ್ನಿ" ಎಂದು ಕೈ ಹಿಡಿದುಕೊಂಡಳು. ತಮ್ಮ ಅಡಿಗೆ ಮನೆಯಲ್ಲಿದ್ದ. ಒಲೆಯ ತಿರುಪನ್ನು ಮುಟ್ಟಿ ನೋಡಿ ಈಚೆ ಬಂದವನು, ಮತ್ತೆ ಒಳಗೆ ಹೋಗಿ ಮುಟ್ಟಿದ. ಬಂದ. ಅಕ್ಕನನ್ನು ಕಂಡೂ, ಇನ್ನೊಂದು ಸಲ ಹೋಗಿ ಮುಟ್ಟಿಯೇ ಬಂದ.

"ದಿನಾ ಹೀಗೇ" ಎಂದು ಹೆಂಡತಿ ದನಿ ತಗ್ಗಿಸಿ ಹೇಳಿದಳು. "ಸ್ಕೂಟರು ಮಾರಿ ಎರಡು ವರ್ಷ ಆಯ್ತು, ಎಲ್ಲಾದ್ರೂ ಗುದ್ದಿಬಿಡ್ತೀನಿ ಅಂತ. ಮಧ್ಯಾಹ್ನ ಊಟ ಬಿಟ್ಟಿದಾರೆ. ಉಂಡ್ರೆ ನಿದ್ದೆ ಬರುತ್ತಂತೆ."

ತಮ್ಮ ಎದುರಿಗೆ ಕೂತ. ಸೊರಗಿ ಹೋಗಿದ್ದ. ಮೂಟೆ ಹೊತ್ತವನ ತೋಳಿನಲ್ಲಿ ಬಲ ಬಂದಿತ್ತು, ಮುಖದಲ್ಲಿ ಏನೂ ಉಳಿದಿರಲಿಲ್ಲ. ಅಕ್ಕನ ಮುಖ ನೋಡದೆ, "ಕಾಲು ನೋವು ಹೇಗಿದೆ?" ಎಂದು ಕೇಳಿದ.

ಅವಳು ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಕಾಗದಗಳನ್ನು ಮೇಜಿನ ಮೇಲೆ ಹರಡಿ, ಪೈಪಿನಿಂದ ಶುರುಮಾಡಿ, ಆವತ್ತು ತಾನು ತಿರುಗಿ ನೋಡದೆ ಎದ್ದದ್ದನ್ನೂ, ಯಾಕೆ ಎದ್ದೆ ಎಂಬುದನ್ನೂ ಬಿಡದೆ ಹೇಳಿದಳು. "ನಿನ್ನ ಕಾಳಲ್ಲಿ ಕವಲು ಇರಲಿಲ್ಲ ಕಣೋ. ನೀನು ಏನೂ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದ್ದು ನಾನು."

ಗೆರೆ ಓದುವುದು ತಮ್ಮನಿಗೂ ಬರುತ್ತಿತ್ತು. ಬೆರಳಿಟ್ಟು ಎಡಗಡೆಯ ಮಟ್ಟವನ್ನು ನೋಡಿದ, ತಿರುಗಿ ನೋಡಿದ ಅಂಕಿಗಳನ್ನು ತುಟಿಯಲ್ಲೇ ಓದಿಕೊಂಡ. ಆಮೇಲೆ ಮೆಲ್ಲಗೆ, "ಆದ್ರೆ ನಾನು ಮಲಗಿದ್ದೆ ಅಕ್ಕ" ಎಂದ.

"ಇಲ್ಲ ಕಣೋ. ಮಲಗಿ ಕಾವು ಏರಿದ್ರೆ ಕಾಳಲ್ಲಿ ಕಾಣಿಸ್ಬೇಕಿತ್ತು. ನೀನು ಬರ್ದಿದೀಯಲ್ಲ ಇನ್ನೂರ ಅರವತ್ತು, ಅಷ್ಟು ಏರಿದ್ರೆ ಕಾಣಿಸದೇ ಇರಲ್ಲ."

"ನಂಗೆ ನೆನಪಿದೆ. ತಿರುಪು ಜಾರಿದ್ದು ನೆನಪಿದೆ. ಗೋಡೆ ತಣ್ಣಗಿದ್ದದ್ದು ನೆನಪಿದೆ."

"ಮೊದಲ ದಿನ ಕಣ್ಣು ಮಿಟುಕಿಸಿಲ್ಲ ಅಂತ ಆಣೆ ಮಾಡಿದ್ದೆಯಲ್ಲೋ!"

"ಮೊದಲು ನೆನಪಿರ್ಲಿಲ್ಲ. ನಿನ್ನ ಕಾಗದ ತೋರ್ಸಿದ್ರು. ಅಕ್ಕ ಅಳೆದು ಬರ್ದಿದಾಳೆ ಅಂದ್ಮೇಲೆ ನಾನೇ ಏನೋ ಮಾಡಿರ್ಬೇಕು ಅಂತ ಕೂತು ಯೋಚ್ನೆ ಮಾಡ್ದೆ. ಎರಡು ದಿನ ಯೋಚ್ನೆ ಮಾಡ್ದೆ. ಒಂದೊಂದೇ ನೆನಪಾಯ್ತು." ಅವನು ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡ. "ಇದು ನಡೀಲಿಲ್ಲ ಅಂದ್ರೆ ನಂಗೆ ನೆನಪಿರೋದು ಏನು ಮತ್ತೆ?"

"ಇಷ್ಟು ದಿನ ನನ್ನ ಮೇಲೆ ಕೋಪ ಮಾಡ್ಕೊಂಡು ಬರ್ತಿಲ್ಲ ಅಂದ್ಕೊಂಡಿದ್ದೆ" ಎಂದಳು.

"ನಿನ್ ಮೇಲೆ ಕೋಪನಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಎಲ್ಲರ ಮುಂದೆ ನಿನ್ ಮರ್ಯಾದೆ ಕಳೆದಿದ್ದೆ. ಮೊದಲು ಆಣೆ ಬೇರೆ ಮಾಡಿ ಸುಳ್ಳು ಹೇಳಿದ್ದೆ. ಯಾವ ಮುಖ ಇಟ್ಕೊಂಡು ಬರ್ಲಿ?"

ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ನಿಧಾನಕ್ಕನಿಗೆ ಅವನೊಮ್ಮೆ ಬೈದರೆ ಸಾಕಾಗಿತ್ತು. ನಿನ್ನಿಂದ ಹೀಗಾಯಿತು ಎಂದು ಒಂದು ಮಾತು ಅಂದಿದ್ದರೆ ಅವಳು ಅವನ ಕಾಲು ಹಿಡಿದುಕೊಳ್ಳಲೂ ಸಿದ್ಧಳಿದ್ದಳು.

"ನಾಳೆಯಿಂದ ಕಂಟ್ರೋಲ್ ರೂಮಿಗೆ ಬಾ ಅಂದಿದಾರೆ" ಎಂದಳು ಕೊನೆಗೆ. "ನಿನ್ನ ಕುರ್ಚಿ ನಿಂಗೆ. ಹೋಗ್ತೀಯಲ್ಲ?"

ಅವನು ಕಾಗದಗಳನ್ನು ಒಟ್ಟುಮಾಡಿ, ಅಂಚು ಸರಿಹೊಂದಿಸಿ, ಅವಳ ಕಡೆ ತಳ್ಳಿದ.

"ಆಯ್ತು" ಎಂದ. "ಮಲಗಿರ್ಲಿಲ್ಲ ಅಂತ ನೀನು ಹೇಳ್ತಿದೀಯಲ್ಲ, ಹಾಗಾದ್ರೆ ಮಲಗಿರ್ಲಿಲ್ಲ. ಹೋಗ್ತೀನಿ."

"ನಾನು ಹೇಳ್ದೆ ಅಂತ ನಂಬಬೇಡ್ವೋ!" ಅವಳು ಕಿರುಚಿದಳು. ಮೂರು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಯಾರಿಗೂ ಕಿರುಚಿರಲಿಲ್ಲ. "ನಿನ್ನ ಕಣ್ಣು, ನಿನ್ನ ಕೈ. ನೀನೇ ಅಲ್ವೇನೋ ಅಲ್ಲಿ ಕೂತಿದ್ದದ್ದು?"

ತಮ್ಮ ತಲೆಯೆತ್ತಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಕೋಪವಿಲ್ಲ, ಹಂಗಿಸುವಿಕೆಯಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

"ಮತ್ತೆ ಯಾರು ಹೇಳಿದ್ದನ್ನ ನಂಬ್ಲಿ ಅಕ್ಕಾ?"